ಲಾಗಿನ್ ಆದ ಮಾತ್ರಕ್ಕೆ ಹಾಜರಾತಿ ಆಗದು: ಅಮೆರಿಕದ ಕೆರಿಯರ್ ಕಾಲೇಜುಗಳು ಆನ್‌ಲೈನ್ ವಿದ್ಯಾರ್ಥಿಗಳ ಕೈಹಿಡಿಯುವ ಬಗೆ

ಅಮೆರಿಕದ ಫೆಡರಲ್ ಸರ್ಕಾರ ಕಾಲೇಜು ವಿದ್ಯಾರ್ಥಿಗಳಿಗೆ ಕೊಡುವ ಅನುದಾನ ಮತ್ತು ಸಾಲಗಳ ನಿಯಮಾವಳಿಯಲ್ಲಿ ಒಂದು ಚಿಕ್ಕ ಷರತ್ತಿದೆ. ಆನ್‌ಲೈನ್ ತರಗತಿಗೆ ಲಾಗಿನ್ ಆದ ಮಾತ್ರಕ್ಕೆ ವಿದ್ಯಾರ್ಥಿ ಓದಿನಲ್ಲಿ ತೊಡಗಿದ್ದಾನೆಂದು ಕಾಲೇಜು ಲೆಕ್ಕ ತೋರಿಸುವಂತಿಲ್ಲ. ಅವನು ಅಸೈನ್‌ಮೆಂಟ್ ಒಪ್ಪಿಸಿರಬೇಕು, ಪರೀಕ್ಷೆ ಬರೆದಿರಬೇಕು, ಪಾಠದ ಕುರಿತ ಚರ್ಚೆಯಲ್ಲಿ ಪಾಲ್ಗೊಂಡಿರಬೇಕು, ಇಲ್ಲವೇ ಪಾಠದ ವಿಷಯವಾಗಿ ಬೋಧಕರನ್ನು ಏನಾದರೂ ಕೇಳಿರಬೇಕು. ಶೈಕ್ಷಣಿಕ ಸಲಹೆಗಾರರ ಜೊತೆ ಮಾತಾಡಿದ್ದು ಕೂಡ ಈ ಲೆಕ್ಕಕ್ಕೆ ಬರುವುದಿಲ್ಲ. ಮೇಲ್ನೋಟಕ್ಕೆ ಇದು ಕಡತದ ಮಾತು. ಆದರೆ ಕೆರಿಯರ್ ಕಾಲೇಜುಗಳಲ್ಲಿ ಮನೆಯಿಂದಲೇ ಕಲಿಯುವವರು ಎಲ್ಲಿ, ಹೇಗೆ ಕೈತಪ್ಪಿ ಹೋಗುತ್ತಾರೆ ಎಂಬುದನ್ನು ಅರಿಯಲು ಈ ಷರತ್ತಿನಿಂದಲೇ ಹೊರಡುವುದು ಸರಿ ಎಂದು ನನಗೆ ಅನಿಸುತ್ತದೆ.

ಕೆರಿಯರ್ ಕಾಲೇಜು ಎಂದರೆ ಒಂದು ಗೊತ್ತಾದ ಉದ್ಯೋಗಕ್ಕೆ ಜನರನ್ನು ಅಣಿಗೊಳಿಸುವ ಸಂಸ್ಥೆ. ಮೆಡಿಕಲ್ ಅಸಿಸ್ಟೆಂಟ್, ಮೆಡಿಕಲ್ ಬಿಲ್ಲಿಂಗ್ ಮತ್ತು ಕೋಡಿಂಗ್ (ರೋಗಿಯ ದಾಖಲೆಗೆ ಸಂಕೇತ ಹಾಕಿ ಬಿಲ್ಲು ಸಿದ್ಧಪಡಿಸುವ ಕೆಲಸ), ಫಾರ್ಮಸಿ ಟೆಕ್ನಿಷಿಯನ್, ವಕೀಲರ ಕಚೇರಿಯ ಪ್ಯಾರಾಲೀಗಲ್ ಮುಂತಾದ ಕೋರ್ಸುಗಳು ಇಲ್ಲಿ ಕೆಲವು ತಿಂಗಳಿನಿಂದ ಎರಡು ವರ್ಷದವರೆಗೆ ನಡೆಯುತ್ತವೆ. ಇವುಗಳಲ್ಲಿ ಹೆಚ್ಚಿನವು ಲಾಭಕ್ಕಾಗಿ ನಡೆಯುವ ಖಾಸಗಿ ಸಂಸ್ಥೆಗಳು. ದೂರದಿಂದ ಉದ್ಯೋಗ ಕಲಿಸುವ ಪ್ರಯೋಗ ಆ ದೇಶಕ್ಕೆ ಹೊಸದೇನಲ್ಲ. ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್‌ನಲ್ಲಿ ಗಣಿಗಾರರ ಪತ್ರಿಕೆ ನಡೆಸುತ್ತಿದ್ದ ಥಾಮಸ್ ಫಾಸ್ಟರ್, ಗಣಿ ಕೆಲಸಗಾರರು ಮೇಲಿನ ಹುದ್ದೆಗೆ ಏರಲು ಬೇಕಾದ ಪಾಠಗಳನ್ನು 1891ರಲ್ಲಿ ಅಂಚೆಯ ಮೂಲಕ ಕಳುಹಿಸಲು ಆರಂಭಿಸಿದರು. ಅದೇ ಮುಂದೆ ಇಂಟರ್‌ನ್ಯಾಷನಲ್ ಕರೆಸ್ಪಾಂಡೆನ್ಸ್ ಸ್ಕೂಲ್ಸ್ ಎಂಬ ದೊಡ್ಡ ಸಂಸ್ಥೆಯಾಯಿತು. ಪಾಠ ಮನೆಗೆ ಬರುತ್ತದೆ, ಕಲಿಯುವವನು ದುಡಿಮೆ ಬಿಡದೆ ಓದುತ್ತಾನೆ ಎಂಬ ಆ ಮಾತು ಇಂದಿಗೂ ಹಾಗೆಯೇ ಇದೆ. ಪಾಠ ಅರ್ಧಕ್ಕೆ ನಿಂತಾಗ ಯಾರಿಗೂ ಗೊತ್ತಾಗುವುದಿಲ್ಲ ಎಂಬ ತೊಡಕೂ ಅಂದಿನಿಂದ ಹಾಗೆಯೇ ಬಂದಿದೆ.

ಇಲ್ಲಿ ಸೇರುವವರಲ್ಲಿ ಬಹಳಷ್ಟು ಮಂದಿ ಹೈಸ್ಕೂಲು ಮುಗಿಸಿ ನೇರವಾಗಿ ಬಂದವರಲ್ಲ. ಹಗಲು ಒಂದು ಕೆಲಸ, ಮನೆಯಲ್ಲಿ ಮಕ್ಕಳು, ಹಿಂದೊಮ್ಮೆ ಕಾಲೇಜು ಸೇರಿ ಬಿಟ್ಟ ನೆನಪು ಇವೆಲ್ಲವನ್ನೂ ಹೊತ್ತುಕೊಂಡೇ ಅವರು ಓದಿಗೆ ಕೂರುತ್ತಾರೆ. ಮಕ್ಕಳು ಮಲಗಿದ ಮೇಲೆ ರಾತ್ರಿ ಹತ್ತೂವರೆಗೆ ಲ್ಯಾಪ್‌ಟಾಪ್ ತೆರೆಯುವ ಒಬ್ಬ ತಾಯಿಯನ್ನು ನೆನೆಯಿರಿ. ಪರದೆಯ ಎಡಬದಿಯಲ್ಲಿ ಹತ್ತು ಹನ್ನೆರಡು ಕೊಂಡಿಗಳಿವೆ: ಪ್ರಕಟಣೆ, ಪಠ್ಯಕ್ರಮ, ಮಾಡ್ಯೂಲ್, ಚರ್ಚೆ, ಅಂಕಪಟ್ಟಿ, ಗ್ರಂಥಾಲಯ. ಭಾನುವಾರ ರಾತ್ರಿ 11:59ಕ್ಕೆ ಅಸೈನ್‌ಮೆಂಟ್ ಕಡೆಯ ಗಡುವು ಎಂದು ಬರೆದಿದೆ. ಕಾಲೇಜು ಪೂರ್ವ ಕರಾವಳಿಯಲ್ಲಿದ್ದು ಅವಳು ಕ್ಯಾಲಿಫೋರ್ನಿಯಾದಲ್ಲಿದ್ದರೆ, ಆ ಗಡುವು ಅವಳ ಗಡಿಯಾರದಲ್ಲಿ ರಾತ್ರಿ 8:59. ಮಕ್ಕಳಿನ್ನೂ ಎಚ್ಚರವಿರುವ ಹೊತ್ತು ಅದು. ಮೊದಲ ವಾರವೇ ಸೊನ್ನೆ ಅಂಕ ಬಂದರೆ ಅವಳು ಗಡಿಯಾರವನ್ನು ದೂರುವುದಿಲ್ಲ. ಓದು ನನ್ನಂಥವಳಿಗೆ ಆಗುವಂಥದ್ದಲ್ಲ ಎಂದುಕೊಳ್ಳುತ್ತಾಳೆ.

ಸಿದ್ಧತೆ ಎಂಬ ಮಾತಿಗೆ ಅರ್ಥ ಬರುವುದು ಇಲ್ಲಿ. ಬಹುತೇಕ ಎಲ್ಲ ಕಾಲೇಜುಗಳೂ ತರಗತಿ ಆರಂಭಕ್ಕೆ ಮೊದಲು ಓರಿಯಂಟೇಶನ್ ಇಡುತ್ತವೆ. ಅದು ಯಾವ ಗುಂಡಿ ಎಲ್ಲಿದೆ ಎಂದು ತೋರಿಸುವ ಒಂದು ವೀಡಿಯೊ ಆಗಿ ಮುಗಿದರೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅಭ್ಯಾಸಕ್ಕೆಂದು ಕೊಟ್ಟ ಒಂದು ಅಸೈನ್‌ಮೆಂಟನ್ನು ವಿದ್ಯಾರ್ಥಿಯೇ ಬರೆದು, ಫೈಲನ್ನು ಸರಿಯಾದ ರೂಪದಲ್ಲಿ ಉಳಿಸಿ, ಒಪ್ಪಿಸಿ, ಮರುದಿನ ಬೋಧಕರ ಟಿಪ್ಪಣಿ ಎಲ್ಲಿ ಕಾಣಿಸುತ್ತದೆಂದು ಹುಡುಕಿ ಓದುವಂತೆ ಮಾಡುವ ಓರಿಯಂಟೇಶನ್ ಬೇರೆಯೇ. ಫೋನಿನಲ್ಲಿ ವೀಡಿಯೊ ನೋಡಬಹುದಾದರೂ ಕೆಲವು ಕೋಡಿಂಗ್ ತಂತ್ರಾಂಶ ಮತ್ತು ಕ್ಯಾಮೆರಾ ಕಣ್ಗಾವಲಿನ ಪರೀಕ್ಷೆಗೆ ಕಂಪ್ಯೂಟರ್ ಬೇಕೇ ಬೇಕು ಎಂಬುದು ಶುಲ್ಕ ಕಟ್ಟುವ ಮೊದಲೇ ತಿಳಿಯಬೇಕು. ವಾರಕ್ಕೆ ಎಷ್ಟು ಗಂಟೆ ಓದಬೇಕಾಗುತ್ತದೆ ಎಂದು ಹೇಳಿ ಬಿಟ್ಟರೆ ಸಾಲದು. ಆ ಗಂಟೆಗಳನ್ನು ಯಾವ ದಿನ, ಯಾವ ಹೊತ್ತಿನಲ್ಲಿ ಹೊಂದಿಸಿಕೊಳ್ಳುತ್ತೀರಿ ಎಂದು ಜೊತೆಗೆ ಕೂತು ಬರೆಸುವ ಸಲಹೆಗಾರರಿದ್ದಾಗ ಮಾತ್ರ ಆ ಸಂಖ್ಯೆ ದಿನಚರಿಯೊಳಕ್ಕೆ ಇಳಿಯುತ್ತದೆ.

ಆನ್‌ಲೈನ್ ಕಲಿಕೆ ಎಲ್ಲರಿಗೂ ಒಂದೇ ರೀತಿ ಒಗ್ಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ವಾಷಿಂಗ್ಟನ್ ರಾಜ್ಯದ ಕಮ್ಯುನಿಟಿ ಮತ್ತು ತಾಂತ್ರಿಕ ಕಾಲೇಜುಗಳ ಸುಮಾರು 40,000 ವಿದ್ಯಾರ್ಥಿಗಳ ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರಾದ ಡೀ ಷೂ ಮತ್ತು ಶಾನಾ ಜಾಗರ್ಸ್, ಆನ್‌ಲೈನ್ ಕೋರ್ಸುಗಳಲ್ಲಿ ಫಲಿತಾಂಶ ಕುಗ್ಗುವುದನ್ನು ಕಂಡರು. ಮೊದಲೇ ಕಡಿಮೆ ಅಂಕ ಪಡೆಯುತ್ತಿದ್ದವರು, ಕಿರಿಯ ವಯಸ್ಸಿನವರು, ಗಂಡು ವಿದ್ಯಾರ್ಥಿಗಳು ಮತ್ತು ಕಪ್ಪು ಸಮುದಾಯದವರಲ್ಲಿ ಈ ಕುಸಿತ ಹೆಚ್ಚಾಗಿತ್ತು. ಎರಿಕ್ ಬೆಟಿಂಜರ್ ಮತ್ತು ಸಂಗಡಿಗರು ಲಾಭಕ್ಕಾಗಿ ನಡೆಯುವ ಒಂದು ದೊಡ್ಡ ವಿಶ್ವವಿದ್ಯಾಲಯವನ್ನು ಆರಿಸಿಕೊಂಡು 2017ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಅಲ್ಲಿ ಒಂದೇ ಕೋರ್ಸು, ಒಂದೇ ಪಠ್ಯಕ್ರಮ, ಒಂದೇ ಪಠ್ಯಪುಸ್ತಕ ಇದ್ದು, ಕೆಲವರು ತರಗತಿಯಲ್ಲಿ ಕೂತು, ಕೆಲವರು ಆನ್‌ಲೈನಿನಲ್ಲಿ ಕಲಿತಿದ್ದರು. ಆನ್‌ಲೈನಿನಲ್ಲಿ ಕಲಿತವರ ಅಂಕ 4ರ ಮಾಪನದಲ್ಲಿ ಸುಮಾರು 0.44ರಷ್ಟು ಇಳಿದಿತ್ತು, ಆಮೇಲಿನ ಕೋರ್ಸುಗಳಲ್ಲೂ ಅದರ ನೆರಳು ಕಾಣುತ್ತಿತ್ತು, ವಿಶ್ವವಿದ್ಯಾಲಯದಲ್ಲಿ ಮುಂದುವರಿಯುವ ಸಾಧ್ಯತೆಯೂ ಕುಗ್ಗಿತ್ತು. ಆನ್‌ಲೈನ್ ಕಲಿಕೆಯೇ ಬೇಡ ಎನ್ನಲು ಇದನ್ನು ಬಳಸುವುದು ತಪ್ಪು. ರಾತ್ರಿ ಹತ್ತೂವರೆಗೆ ಕೂರುವ ಆ ತಾಯಿಗೆ ಬೇರೆ ತರಗತಿಯೇ ಇಲ್ಲ. ತರಗತಿಯ ಗೋಡೆಗಳು ಸದ್ದಿಲ್ಲದೆ ಮಾಡುತ್ತಿದ್ದ ಏನೋ ಒಂದು ಕೆಲಸವನ್ನು ಆನ್‌ಲೈನಿನಲ್ಲಿ ಮನುಷ್ಯರೇ ಮಾಡಬೇಕಾಗುತ್ತದೆ ಎಂದು ಇದನ್ನು ಓದಿಕೊಳ್ಳಬೇಕು.

ಆ ಕೆಲಸ ಯಾವುದು? ತರಗತಿಯಲ್ಲಿ ಒಂದು ಕುರ್ಚಿ ಖಾಲಿಯಿದ್ದರೆ ಬೋಧಕರ ಕಣ್ಣಿಗೆ ಬೀಳುತ್ತದೆ, ಪಕ್ಕದವರು ಫೋನು ಮಾಡಿ ವಿಚಾರಿಸುತ್ತಾರೆ. ಆನ್‌ಲೈನಿನಲ್ಲಿ ಖಾಲಿ ಕುರ್ಚಿ ಇಲ್ಲ. ಇರುವುದು ಅಂಕಪಟ್ಟಿಯ ಒಂದು ಖಾಲಿ ಚೌಕ. ಅದನ್ನು ಯಾರಾದರೂ ಹುಡುಕಿ ನೋಡಿದರೆ ಮಾತ್ರ ಕಾಣುವಂಥದ್ದು. ಆದ್ದರಿಂದ ಒಂದು ಕೆರಿಯರ್ ಕಾಲೇಜಿನ ಬೆಂಬಲ ವ್ಯವಸ್ಥೆಯನ್ನು ಅಳೆಯುವಾಗ ನಾನು ಮೊದಲು ಕೇಳುವುದು ಒಂದನ್ನೇ: ವಿದ್ಯಾರ್ಥಿ ಕೇಳುವ ತನಕ ಅದು ಕಾಯುತ್ತದೆಯೋ, ತಾನಾಗಿ ಹುಡುಕಿಕೊಂಡು ಹೋಗುತ್ತದೆಯೋ? ಇಪ್ಪತ್ತನಾಲ್ಕು ಗಂಟೆಯ ಟ್ಯೂಟರ್, ಡಿಜಿಟಲ್ ಗ್ರಂಥಾಲಯ, ತಾಂತ್ರಿಕ ಸಹಾಯವಾಣಿ, ಬರವಣಿಗೆಯ ಕೇಂದ್ರ ಎಲ್ಲವೂ ಒಳ್ಳೆಯವೇ. ಅವೆಲ್ಲ ಕೇಳಿ ಬಂದವರಿಗೆ ಸಿಗುವಂಥವು. ಹಿಂದೆ ಬೀಳುತ್ತಿರುವ ವಿದ್ಯಾರ್ಥಿಗೆ ಯಾರನ್ನು, ಏನೆಂದು ಕೇಳಬೇಕೆಂಬುದೇ ತೋಚುವುದಿಲ್ಲ. ತೋಚಿದರೂ ನಾಚಿಕೆ ತಡೆಯುತ್ತದೆ.

ಹುಡುಕಿಕೊಂಡು ಹೋಗುವ ನೆರವು ಫಲ ಕೊಡುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆಯಿದೆ. ಬೆಟಿಂಜರ್ ಮತ್ತು ರೇಚಲ್ ಬೇಕರ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಮಾತ್ರ ಒಬ್ಬೊಬ್ಬ ಮಾರ್ಗದರ್ಶಕರನ್ನು ಕೊಡಲಾಗಿತ್ತು. ಈ ಮಾರ್ಗದರ್ಶಕರು ಪಾಠ ಹೇಳುತ್ತಿರಲಿಲ್ಲ. ತಾವೇ ಫೋನು ಮಾಡಿ, ಓದಿಗೆ ಹೊತ್ತು ಹೇಗೆ ಸಿಗುತ್ತಿದೆ, ಯಾವ ಗಡುವು ಹತ್ತಿರವಿದೆ, ಹಣದ ಚಿಂತೆ ಏನು ಎಂದು ವಿಚಾರಿಸಿ, ಮುಂದಿನ ಹೆಜ್ಜೆಯನ್ನು ಜೊತೆಗೆ ಯೋಚಿಸುತ್ತಿದ್ದರು. ಆರು ತಿಂಗಳ ನಂತರ ನೋಡಿದಾಗ ಮಾರ್ಗದರ್ಶಕರಿದ್ದವರಲ್ಲಿ ಶೇಕಡ 63ರಷ್ಟು ಮಂದಿ ಓದಿನಲ್ಲಿ ಉಳಿದಿದ್ದರು, ಇಲ್ಲದವರಲ್ಲಿ ಶೇಕಡ 58. ಒಂದು ವರ್ಷದ ನಂತರವೂ ಅಂತರ ಹೆಚ್ಚುಕಡಿಮೆ ಅಷ್ಟೇ ಇತ್ತು. ಶೇಕಡ ಐದು ಎಂದರೆ ಅಲ್ಪವೆಂದು ಕೆಲವರಿಗೆ ಅನಿಸಬಹುದು. ನೂರು ಮಂದಿಯಲ್ಲಿ ಐವರು ಸಾಲ ಹೊತ್ತು ಬರಿಗೈಯಲ್ಲಿ ಮನೆಗೆ ಮರಳುವುದು ಫೋನು ಕರೆಗಳಿಂದ ತಪ್ಪುತ್ತದೆ ಎನ್ನುವುದು ನನಗೆ ಅಲ್ಪವಾಗಿ ಕಾಣುವುದಿಲ್ಲ.

ಸಾಲದ ಮಾತನ್ನು ಇನ್ನಷ್ಟು ಬಿಡಿಸಿ ಹೇಳಬೇಕು, ಏಕೆಂದರೆ ಬಹಳ ವಿದ್ಯಾರ್ಥಿಗಳಿಗೆ ಇದು ಬಿಟ್ಟುಹೋದ ಮೇಲೆಯೇ ತಿಳಿಯುವುದು. ಫೆಡರಲ್ ನೆರವನ್ನು ವಿದ್ಯಾರ್ಥಿ ಟರ್ಮಿನ ದಿನ ಕಳೆದ ಹಾಗೆ ಸಂಪಾದಿಸುತ್ತಾ ಹೋಗುತ್ತಾನೆ ಎಂಬುದು ನಿಯಮದ ತಿರುಳು. ಟರ್ಮಿನ ಶೇಕಡ 60 ದಾಟಿದ ಮೇಲೆ ಬಿಟ್ಟರೆ ನೆರವೆಲ್ಲ ಸಂಪಾದಿಸಿದಂತೆ. ಅದಕ್ಕೂ ಮೊದಲು ಬಿಟ್ಟರೆ, ಕಳೆದ ದಿನಗಳ ಪಾಲಷ್ಟೇ ಅವನದು. ಶೇಕಡ 30ರಷ್ಟು ದಿನ ಕಳೆದಿದ್ದರೆ ಉಳಿದ ಶೇಕಡ 70ನ್ನು ಸರ್ಕಾರಕ್ಕೆ ಹಿಂತಿರುಗಿಸಬೇಕು. ಕಾಲೇಜು ತನ್ನ ಪಾಲನ್ನು ಹಿಂತಿರುಗಿಸಿ, ತನ್ನ ಶುಲ್ಕದಲ್ಲಿ ಉಂಟಾದ ಕೊರತೆಯನ್ನು ವಿದ್ಯಾರ್ಥಿಯ ಬಾಕಿಯೆಂದು ಬರೆಯಬಹುದು. ಹಾಜರಿ ದಾಖಲಿಸಲೇಬೇಕಾದ ಕಾಲೇಜುಗಳಲ್ಲಿ ಈ ಲೆಕ್ಕ ನಿಲ್ಲುವುದು ಅವನು ಕೊನೆಯ ಬಾರಿ ಓದಿನಲ್ಲಿ ತೊಡಗಿದ ದಿನಕ್ಕೆ, ಮತ್ತು ಆ ದಿನದಿಂದ 14 ದಿನಗಳೊಳಗೆ ಅವನು ಬಿಟ್ಟಿದ್ದಾನೆಂದು ಕಾಲೇಜು ತೀರ್ಮಾನಿಸಬೇಕು. ಎರಡು ವಾರ ದಿನವೂ ಲಾಗಿನ್ ಆಗಿ, ಪಾಠ ತೆರೆದು, ಏನೂ ಒಪ್ಪಿಸದೆ ಮುಚ್ಚಿದವಳು ತಾನಿನ್ನೂ ಕಾಲೇಜಿನಲ್ಲಿದ್ದೇನೆ ಎಂದುಕೊಂಡಿರುತ್ತಾಳೆ. ಕಡತದ ಪ್ರಕಾರ ಅವಳು ಹೊರಗೆ ಹೋಗಿ ಎರಡು ವಾರವಾಗಿರುತ್ತದೆ. ಕೆರಿಯರ್ ಕಾಲೇಜುಗಳ ಟರ್ಮು ಚಿಕ್ಕದು. ಆರು ವಾರದ ಕೋರ್ಸಿನಲ್ಲಿ ಎರಡು ವಾರವೆಂದರೆ ಮೂರನೆಯ ಒಂದು ಭಾಗ. ಮೊದಲ ಅಸೈನ್‌ಮೆಂಟ್ ತಪ್ಪಿದ ಎರಡು ದಿನದೊಳಗೆ ಒಂದು ಕರೆ ಹೋಗಬೇಕೆನ್ನುವುದಕ್ಕೆ ಕಾರಣ ಇಷ್ಟೇ.

ಹೀಗೆ ಹುಡುಕಿಕೊಂಡು ಹೋಗುವುದು ಕಾಲೇಜಿನ ಔದಾರ್ಯಕ್ಕೆ ಬಿಟ್ಟ ಮಾತೂ ಅಲ್ಲ. ದೂರಶಿಕ್ಷಣವೆಂದು ಪರಿಗಣಿಸಿ ಪೂರ್ಣ ನೆರವು ಸಿಗಬೇಕಾದರೆ ಬೋಧಕರಿಗೂ ವಿದ್ಯಾರ್ಥಿಗಳಿಗೂ ನಡುವೆ ನಿಯತವಾದ, ಹುರುಳಿರುವ ಒಡನಾಟ ಇರಬೇಕೆಂದು ಅಮೆರಿಕದ ಕಾನೂನು ಹೇಳುತ್ತದೆ. ಆ ಒಡನಾಟ ಇಲ್ಲದಿದ್ದರೆ ಅದು ಅಂಚೆ ಕೋರ್ಸು. ಅಂಥ ಕೋರ್ಸಿನಲ್ಲಿ ಎಷ್ಟೇ ಓದಿದರೂ ನೆರವಿನ ಲೆಕ್ಕದಲ್ಲಿ ಅರ್ಧ ಹೊತ್ತಿನ ವಿದ್ಯಾರ್ಥಿಗಿಂತ ಹೆಚ್ಚಿನ ಸ್ಥಾನವಿಲ್ಲ. ಹಳೆಯ ವ್ಯಾಖ್ಯಾನದಲ್ಲಿ ಅಂಚೆ ಕೋರ್ಸಿನ ಗುರುತು ಏನೆಂದರೆ, ಅಲ್ಲಿ ಮಾತುಕತೆ ಮುಖ್ಯವಾಗಿ ವಿದ್ಯಾರ್ಥಿಯ ಕಡೆಯಿಂದಲೇ ಹೊರಡುತ್ತದೆ ಎಂಬುದು. ಹುರುಳು ಎಂದರೇನು, ನಿಯತ ಎಂದರೇನು ಎಂಬುದರ ಮೇಲೆ ವರ್ಷಗಟ್ಟಲೆ ಜಗ್ಗಾಟ ನಡೆಯಿತು. ಆನ್‌ಲೈನಿನಲ್ಲೇ ಕಲಿಸುವ ವೆಸ್ಟರ್ನ್ ಗವರ್ನರ್ಸ್ ವಿಶ್ವವಿದ್ಯಾಲಯ 71 ಕೋಟಿ ಡಾಲರಿಗೂ ಹೆಚ್ಚು ನೆರವನ್ನು ಹಿಂತಿರುಗಿಸಬೇಕೆಂದು ಶಿಕ್ಷಣ ಇಲಾಖೆಯ ತನಿಖಾಧಿಕಾರಿಗಳು 2017ರಲ್ಲಿ ಶಿಫಾರಸು ಮಾಡಿದ್ದು, ಇಲಾಖೆ 2019ರಲ್ಲಿ ಅದನ್ನು ಒಪ್ಪದೆ ಕೈಬಿಟ್ಟದ್ದು ಇದೇ ವಿಚಾರದಲ್ಲಿ. 2021ರ ಜುಲೈ 1ರಿಂದ ಜಾರಿಯಾದ ವ್ಯಾಖ್ಯಾನ ಗೊಂದಲವನ್ನು ತಕ್ಕಮಟ್ಟಿಗೆ ತಿಳಿಗೊಳಿಸಿತು. ನೇರ ಬೋಧನೆ, ಬರೆದದ್ದರ ಮೌಲ್ಯಮಾಪನ ಅಥವಾ ಟಿಪ್ಪಣಿ, ಪಾಠದ ಪ್ರಶ್ನೆಗಳಿಗೆ ಉತ್ತರ, ಗುಂಪು ಚರ್ಚೆ ನಡೆಸುವುದು, ಮಾನ್ಯತೆ ನೀಡುವ ಸಂಸ್ಥೆ ಒಪ್ಪಿದ ಇತರ ಬೋಧನಾ ಚಟುವಟಿಕೆ ಇವುಗಳಲ್ಲಿ ಕನಿಷ್ಠ ಎರಡು ಇರಬೇಕು. ಜೊತೆಗೆ ವಿದ್ಯಾರ್ಥಿಯ ಪ್ರಗತಿಯನ್ನು ಗಮನಿಸುತ್ತಿದ್ದು, ಅಗತ್ಯ ಕಂಡಾಗ ಬೋಧಕರೇ ಮುಂದಾಗಿ, ತಡಮಾಡದೆ ಅವರನ್ನು ಸಂಪರ್ಕಿಸಬೇಕು.

ಹುರುಳು ಎಂದರೆ ಏನೆಂಬುದನ್ನು ಮೆಡಿಕಲ್ ಕೋಡಿಂಗ್ ತರಗತಿಯ ಒಂದು ಅಭ್ಯಾಸದಲ್ಲಿ ನೋಡಬಹುದು. ರೋಗಿಯ ದಾಖಲೆಯಲ್ಲಿ ವೈದ್ಯರು ಟೈಪ್ 2 ಮಧುಮೇಹ, ರಕ್ತದ ಸಕ್ಕರೆ ಏರಿಕೆಯೊಂದಿಗೆ ಎಂದು ಬರೆದಿದ್ದಾರೆ. ಅಮೆರಿಕದಲ್ಲಿ 2015ರ ಅಕ್ಟೋಬರಿನಿಂದ ಬಳಕೆಯಲ್ಲಿರುವ ಐಸಿಡಿ-10-ಸಿಎಂ ಎಂಬ ರೋಗ ಸಂಕೇತಗಳ ಪಟ್ಟಿಯಿಂದ ವಿದ್ಯಾರ್ಥಿನಿ ಇ11.9 ಎಂದು ಆರಿಸುತ್ತಾಳೆ. ಅದು ಯಾವ ತೊಡಕೂ ಇಲ್ಲದ ಟೈಪ್ 2 ಮಧುಮೇಹದ ಸಂಕೇತ. ತಂತ್ರಾಂಶ ತಪ್ಪು ಎಂದು ಕೆಂಪು ಗುರುತು ಹಾಕಿ, ಸರಿಯುತ್ತರ ಇ11.65 ಎಂದು ತೋರಿಸಿ ಮುಂದಿನ ಪ್ರಶ್ನೆಗೆ ಹೋಗುತ್ತದೆ. ಅವಳು ಆ ಸಂಕೇತವನ್ನು ಬಾಯಿಪಾಠ ಮಾಡಿಕೊಳ್ಳುತ್ತಾಳೆ, ನಾಳೆ ಮಧುಮೇಹದ ಜೊತೆ ಮೂತ್ರಪಿಂಡದ ತೊಂದರೆಯಿರುವ ದಾಖಲೆ ಬಂದಾಗ ಮತ್ತೆ ಎಡವುತ್ತಾಳೆ. ಅದೇ ಜಾಗದಲ್ಲಿ ಬೋಧಕರು, ನೀವು ಮಧುಮೇಹ ಎಂಬ ಪದಕ್ಕೆ ನಿಂತುಬಿಟ್ಟಿರಿ, ಅದರ ಮುಂದಿನ ಸಕ್ಕರೆ ಏರಿಕೆಯೊಂದಿಗೆ ಎಂಬುದನ್ನು ಓದಲಿಲ್ಲ, ಸೂಚಿಯಲ್ಲಿ ಆ ಪದದ ಕೆಳಗೆ ತೊಡಕುಗಳ ಸಾಲು ಹೇಗೆ ಇಳಿಯುತ್ತದೆ ನೋಡಿ ಎಂದು ಎರಡು ವಾಕ್ಯ ಬರೆದರೆ ಅವಳು ಓದುವ ಕ್ರಮವೇ ಬದಲಾಗುತ್ತದೆ. ಕೋಡಿಂಗ್ ಉದ್ಯೋಗದ ಜೀವಾಳ ಆ ಓದುವ ಕ್ರಮವೇ. ಬಹಳ ಚೆನ್ನಾಗಿದೆ, ಮುಂದುವರಿಸಿ ಎಂದು ನಲವತ್ತು ಮಂದಿಗೂ ಒಂದೇ ಸಾಲನ್ನು ಅಂಟಿಸುವ ಟಿಪ್ಪಣಿಗೂ ಇದಕ್ಕೂ ಇರುವ ಅಂತರ ವಿದ್ಯಾರ್ಥಿಗೆ ಕೂಡಲೇ ಗೊತ್ತಾಗುತ್ತದೆ.

ಇತ್ತೀಚೆಗೆ ಈ ಜಾಗಕ್ಕೆ ಚಾಟ್‌ಬಾಟ್‌ಗಳನ್ನು ತರುವ ಉತ್ಸಾಹ ಹೆಚ್ಚಿದೆ. ರಾತ್ರಿ ಎರಡು ಗಂಟೆಗೆ ಪಾಸ್‌ವರ್ಡ್ ಮರೆತವರಿಗೆ, ಶುಲ್ಕದ ಕಂತು ಯಾವಾಗ ಎಂದು ಕೇಳುವವರಿಗೆ ಅವು ನಿಜಕ್ಕೂ ಉಪಕಾರಿ. ಆದರೆ ನಿಯಮ ಕೇಳುವುದು ಅರ್ಹತೆಯುಳ್ಳ ಬೋಧಕರ ಒಡನಾಟವನ್ನು. ಯಂತ್ರ ಕೊಟ್ಟ ಉತ್ತರ ಆ ಖಾತೆಗೆ ಜಮೆಯಾಗುವುದಿಲ್ಲ. ಯಾರು ಹಿಂದೆ ಬೀಳುತ್ತಿದ್ದಾರೆಂದು ಎತ್ತಿ ತೋರಿಸುವ ಡ್ಯಾಶ್‌ಬೋರ್ಡ್‌ಗಳ ಕಥೆಯೂ ಇದೇ. ಹೆಸರಿನ ಮುಂದೆ ಕೆಂಪು ದೀಪ ಬೆಳಗಿದ ಮೇಲೆ ಫೋನು ಎತ್ತುವವರು ಎಷ್ಟು ಜನರಿದ್ದಾರೆ, ಒಬ್ಬೊಬ್ಬರ ಪಾಲಿಗೆ ಎಷ್ಟು ವಿದ್ಯಾರ್ಥಿಗಳಿದ್ದಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಆ ಸಂಖ್ಯೆಯ ವಿಷಯದಲ್ಲಿ ಲಾಭಕ್ಕಾಗಿ ನಡೆಯುವ ಕಾಲೇಜುಗಳ ಚರಿತ್ರೆ ನೋವಿನದು. ಸೆನೆಟರ್ ಟಾಮ್ ಹಾರ್ಕಿನ್ ಅಧ್ಯಕ್ಷತೆಯ ಸೆನೆಟ್ ಸಮಿತಿ ಇಂಥ 30 ಕಂಪನಿಗಳನ್ನು ಪರಿಶೀಲಿಸಿ 2012ರಲ್ಲಿ ಕೊಟ್ಟ ವರದಿಯ ಪ್ರಕಾರ, 2010ರಲ್ಲಿ ಅವುಗಳಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲೆಂದೇ 35,202 ಮಂದಿ ಕೆಲಸ ಮಾಡುತ್ತಿದ್ದರು. ಸೇರಿದವರಿಗೆ ಬೆಂಬಲ ನೀಡುವ ವಿಭಾಗದಲ್ಲಿದ್ದವರು 12,452, ಉದ್ಯೋಗ ಹುಡುಕಲು ನೆರವಾಗುವವರು 3,512. ಸೇರಿಸುವವರು ಹತ್ತು ಮಂದಿಯಾದರೆ ಉದ್ಯೋಗದ ದಾರಿ ತೋರಿಸುವವರು ಒಬ್ಬರು. ಅದೂ ಉದ್ಯೋಗವನ್ನೇ ಹೆಸರಿನಲ್ಲಿಟ್ಟುಕೊಂಡ ಕಾಲೇಜುಗಳಲ್ಲಿ. ಸೇರುವ ಮೊದಲು ವಾರಕ್ಕೆ ಮೂರು ಬಾರಿ ಬರುತ್ತಿದ್ದ ಕರೆ ಸೇರಿದ ಮೇಲೆ ನಿಂತುಹೋಗುವುದನ್ನು ಅನೇಕ ವಿದ್ಯಾರ್ಥಿಗಳು ಕಂಡಿದ್ದಾರೆ. ಇಂಥ ದೊಡ್ಡ ಕಾಲೇಜು ಸರಣಿಗಳಾದ ಕೊರಿಂಥಿಯನ್ ಕಾಲೇಜಸ್ 2015ರಲ್ಲಿ, ಐಟಿಟಿ ಟೆಕ್ 2016ರಲ್ಲಿ ಬಾಗಿಲು ಮುಚ್ಚಿದ ಮೇಲೆ ಈ ರಂಗ ಬಹಳ ಕುಗ್ಗಿದೆ, ಉಳಿದವು ಎಚ್ಚರಗೊಂಡಿವೆ. ಆದರೂ ಒಂದು ಕಾಲೇಜು ತನ್ನ ಹಣವನ್ನು ಸೇರಿಸುವುದಕ್ಕೆ ಎಷ್ಟು, ಉಳಿಸಿಕೊಳ್ಳುವುದಕ್ಕೆ ಎಷ್ಟು ಖರ್ಚು ಮಾಡುತ್ತದೆ ಎಂಬುದೇ ಅದರ ಬೆಂಬಲದ ನಿಜವಾದ ಅಳತೆ ಎಂದು ನಾನು ನಂಬುತ್ತೇನೆ.

ಇನ್ನು ಕೈಕೆಲಸದ ಕಲಿಕೆ. ಇದರ ಬಗ್ಗೆ ಕಾಲೇಜುಗಳ ಪ್ರಚಾರದಲ್ಲಿ ಅತಿ ಕಡಿಮೆ ಮಾತು, ವಿದ್ಯಾರ್ಥಿಗಳ ಪಾಡಿನಲ್ಲಿ ಅತಿ ಹೆಚ್ಚು. ರಕ್ತ ತೆಗೆಯುವುದನ್ನು ಕಲಿಸಲು ರಬ್ಬರಿನ ತೋಳು, ಕೆಂಪು ದ್ರವ, ಪಟ್ಟಿ, ಸೂಜಿ ಇರುವ ಕಿಟ್ಟನ್ನು ಮನೆಗೆ ಕಳುಹಿಸಬಹುದು. ಸೂಜಿಯ ಓರೆ 15ರಿಂದ 30 ಡಿಗ್ರಿಯ ಒಳಗಿದೆಯೇ, ತೋಳಿಗೆ ಕಟ್ಟಿದ ಪಟ್ಟಿಯನ್ನು ಒಂದು ನಿಮಿಷದೊಳಗೆ ಬಿಚ್ಚಿದಳೇ ಎಂಬುದನ್ನು ಬೋಧಕರು ಕ್ಯಾಮೆರಾದಲ್ಲಿ ನೋಡಬಹುದು. ಬೆರಳ ತುದಿಗೆ ರಕ್ತನಾಳ ಸಿಕ್ಕಿತೇ, ಜಾರಿತೇ ಎಂಬುದು ಕ್ಯಾಮೆರಾಕ್ಕೆ ಕಾಣುವುದಿಲ್ಲ. ರಬ್ಬರಿನ ತೋಳು ಹೆದರಿ ಕೈ ಹಿಂದೆಳೆದುಕೊಳ್ಳುವುದೂ ಇಲ್ಲ. ಆದ್ದರಿಂದಲೇ ಮೆಡಿಕಲ್ ಅಸಿಸ್ಟೆಂಟ್ ಕೋರ್ಸುಗಳಿಗೆ ಸಿಎಎಎಚ್‌ಇಪಿ ಎಂಬ, ಆರೋಗ್ಯ ಕೋರ್ಸುಗಳನ್ನು ಪರಿಶೀಲಿಸುವ ಸಂಸ್ಥೆಯ ಮಾನ್ಯತೆ ಬೇಕಿದ್ದರೆ ಕನಿಷ್ಠ 160 ಗಂಟೆ ವೈದ್ಯಕೀಯ ಕೇಂದ್ರದಲ್ಲಿ, ನಿಜವಾದ ರೋಗಿಗಳ ನಡುವೆ, ದುಡಿದು ಕಲಿಯಬೇಕು. ಪಾಠವೆಲ್ಲ ಮನೆಯಲ್ಲಿ ಮುಗಿದರೂ ಈ 160 ಗಂಟೆ ಮನೆಗೆ ಬರುವುದಿಲ್ಲ. ವಾರಕ್ಕೆ 40 ಗಂಟೆಯಂತೆ ನಾಲ್ಕು ವಾರ, ಹಗಲು ಹೊತ್ತಿನಲ್ಲಿ. ಹಗಲು ಕೆಲಸವಿರುವುದರಿಂದಲೇ ಆನ್‌ಲೈನ್ ಆರಿಸಿಕೊಂಡವಳು ಇದನ್ನು ಮೊದಲ ದಿನವೇ ಕೇಳಿ ತಿಳಿದಿರಬೇಕು. ಕೊನೆಯ ಟರ್ಮಿನಲ್ಲಿ ಕೇಳಿದರೆ ಕೆಲಸ ಅಥವಾ ಸರ್ಟಿಫಿಕೇಟು ಎರಡರಲ್ಲೊಂದನ್ನು ಬಿಡಬೇಕಾಗುತ್ತದೆ.

ಆ ತರಬೇತಿಯ ಜಾಗವನ್ನು ಯಾರು ಹುಡುಕುತ್ತಾರೆ ಎಂಬುದು ಇನ್ನೊಂದು ಪ್ರಶ್ನೆ. ಕಟ್ಟಡವಿರುವ ಕಾಲೇಜಿಗೆ ಅಕ್ಕಪಕ್ಕದ ಕ್ಲಿನಿಕ್ಕುಗಳ ಜೊತೆ ವರ್ಷಗಳ ಒಡಂಬಡಿಕೆ ಇರುತ್ತದೆ. ಆನ್‌ಲೈನ್ ವಿದ್ಯಾರ್ಥಿ ಸಾವಿರ ಮೈಲಿ ದೂರದ ಒಂದು ಸಣ್ಣ ಊರಿನಲ್ಲಿದ್ದರೆ ಅಲ್ಲಿ ಆ ಕಾಲೇಜಿನ ಹೆಸರು ಕೇಳಿದವರೇ ಇರುವುದಿಲ್ಲ. ಒಳ್ಳೆಯ ಕಾಲೇಜು ಕೊನೆಯ ಟರ್ಮಿಗೆ ತಿಂಗಳುಗಳ ಮೊದಲೇ ಕ್ಲಿನಿಕ್ಕುಗಳಿಗೆ ತಾನೇ ಬರೆದು, ಒಪ್ಪಂದ, ವಿಮೆ, ಲಸಿಕೆ ದಾಖಲೆ, ಹಿನ್ನೆಲೆ ತಪಾಸಣೆಗಳನ್ನು ಮುಗಿಸಿಟ್ಟಿರುತ್ತದೆ. ಉಳಿದವು ವಿದ್ಯಾರ್ಥಿಯ ಕೈಗೆ ಒಂದು ಪತ್ರ ಕೊಟ್ಟು, ನೀವೇ ವಿಚಾರಿಸಿಕೊಳ್ಳಿ ಎನ್ನುತ್ತವೆ. ಪಾಠವೆಲ್ಲ ಮುಗಿಸಿ, ಒಳ್ಳೆಯ ಅಂಕ ಪಡೆದು, ಜಾಗ ಸಿಗದೆ ತಿಂಗಳುಗಟ್ಟಲೆ ಕೂತವರ ನಷ್ಟವನ್ನು ಯಾವ ಟ್ಯೂಟರಿಂಗೂ ತುಂಬಿಕೊಡಲಾರದು.

ಬೇರೆ ರಾಜ್ಯದಲ್ಲಿರುವವರಿಗೆ ಪರವಾನಗಿಯ ತೊಡಕೂ ಉಂಟು. ಪರವಾನಗಿ ಬೇಕಾದ ಉದ್ಯೋಗಗಳಿಗೆ ಒಂದೊಂದು ರಾಜ್ಯದ ನಿಯಮ ಒಂದೊಂದು ಬಗೆ. ತನ್ನ ಕೋರ್ಸು ಯಾವ ರಾಜ್ಯದ ಶೈಕ್ಷಣಿಕ ಅಗತ್ಯವನ್ನು ಪೂರೈಸುತ್ತದೆ, ಯಾವುದರದ್ದನ್ನು ಪೂರೈಸುವುದಿಲ್ಲ ಎಂದು ಕಾಲೇಜು ಪ್ರಕಟಿಸಬೇಕೆಂಬ ಫೆಡರಲ್ ನಿಯಮ 2020ರಿಂದ ಇದೆ. ಆ ಪಟ್ಟಿ ಹುಡುಕಿದರೆ ಸಿಗುತ್ತದೆ. ಪ್ರವೇಶಾಧಿಕಾರಿ ಅದನ್ನು ತಾನಾಗಿ ತೆರೆದು ತೋರಿಸುವ ಪದ್ಧತಿಯಿದ್ದರೆ ಆ ಕಾಲೇಜಿನ ಮೇಲಿನ ನಂಬಿಕೆ ಹೆಚ್ಚುತ್ತದೆ.

ಅಂಗವೈಕಲ್ಯವಿರುವ ವಿದ್ಯಾರ್ಥಿಗಳ ಹಕ್ಕುಗಳಿಗೆ 1973ರ ಪುನರ್ವಸತಿ ಕಾಯ್ದೆಯ 504ನೇ ಕಲಮು ಮತ್ತು 1990ರ ಅಂಗವೈಕಲ್ಯ ಕಾಯ್ದೆಯ ರಕ್ಷಣೆಯಿದೆ. ವೀಡಿಯೊಗಳಿಗೆ ಅಡಿಬರಹ, ಪರೀಕ್ಷೆಗೆ ಹೆಚ್ಚಿನ ಸಮಯ, ಪರದೆ ಓದುವ ತಂತ್ರಾಂಶಕ್ಕೆ ಹೊಂದುವ ಪಾಠ ಇವೆಲ್ಲ ಅದರಡಿ ಬರುತ್ತವೆ. ಕಾಲೇಜು ಹಂತದಲ್ಲಿ ಇಂಥ ಅನುಕೂಲವನ್ನು ವಿದ್ಯಾರ್ಥಿಯೇ ಮುಂದಾಗಿ ಕೇಳಬೇಕಾಗುತ್ತದೆ, ಹೈಸ್ಕೂಲಿನಂತೆ ಶಾಲೆಯೇ ಗುರುತಿಸಿ ಕೊಡುವ ಕ್ರಮ ಇಲ್ಲಿಲ್ಲ. ಹೀಗಾಗಿ ಓರಿಯಂಟೇಶನ್ನಿನಲ್ಲೇ ಕೇಳುವ ಬಗೆಯನ್ನು ಹೇಳಿಕೊಡದಿದ್ದರೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಇಂಥ ಕಾಲೇಜೊಂದಕ್ಕೆ ಸೇರಲು ಹೊರಟವರು ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕೆಲವನ್ನು ಬಾಯಿಬಿಟ್ಟು ಕೇಳಬೇಕು, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ನಾನು ಎರಡನೆಯ ವಾರ ಏನನ್ನೂ ಒಪ್ಪಿಸದಿದ್ದರೆ ನನಗೆ ಫೋನು ಮಾಡುವವರು ಯಾರು, ಅವರ ಪಾಲಿಗೆ ಎಷ್ಟು ವಿದ್ಯಾರ್ಥಿಗಳಿದ್ದಾರೆ? ಬೋಧಕರು ಎಷ್ಟು ದಿನದೊಳಗೆ ಟಿಪ್ಪಣಿ ಕೊಡಬೇಕೆಂಬ ನಿಯಮವಿದೆ? ಪ್ರಾಯೋಗಿಕ ತರಬೇತಿಯ ಜಾಗವನ್ನು ಕಾಲೇಜು ಹುಡುಕುತ್ತದೆಯೇ, ನನ್ನ ಮನೆಯಿಂದ ಎಷ್ಟು ಮೈಲಿಯೊಳಗೆ, ಸಿಗದಿದ್ದರೆ ಏನು? ನನ್ನ ರಾಜ್ಯದಲ್ಲಿ ಈ ಕೋರ್ಸಿನಿಂದ ಪರವಾನಗಿ ಅಥವಾ ಪ್ರಮಾಣೀಕರಣದ ಪರೀಕ್ಷೆಗೆ ಕೂರಬಹುದೇ? ಮೂರನೆಯ ವಾರ ಬಿಟ್ಟರೆ ನಾನು ಕಟ್ಟಬೇಕಾದ ಬಾಕಿ ಎಷ್ಟು ಡಾಲರ್? ಕೊನೆಯ ಪ್ರಶ್ನೆಗೆ ಆರ್ಥಿಕ ನೆರವಿನ ಕಚೇರಿಯವರು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಬಲ್ಲರು. ಹಾಕಿ ತೋರಿಸುವ ತನಕ ಸಹಿ ತಡೆಹಿಡಿಯುವುದು ವಿದ್ಯಾರ್ಥಿಯ ಹಕ್ಕು.